ಮನೆಯವರೇ ಬಂದು ಕೊಳ್ಳಬೇಕಾದ ಪುಸ್ತಕ

ನಮ್ಮ ಡೇಟಾಬೇಸ್ ಸಾರ್ ತೀರಿಕೊಂಡ ಸುದ್ದಿ ಬಂದಾಗ ನಾನು ಕಲ್ಯಾಣದುರ್ಗದ ಕಾಲೇಜಿನಲ್ಲಿ ಡೇಟಾಬೇಸ್ ಪಾಠವನ್ನೇ ಮಾಡುತ್ತಿದ್ದೆ. ಫೋನು ಮಾಡಿದವರು ಅವರ ತಂಗಿ. "ಅಣ್ಣ ಹೋಗ್ಬುಟ್ಟ ಕಣಮ್ಮ, ಬಿರ್ನೆ ಬಾ" ಅಂದವರೇ ಇಟ್ಟುಬಿಟ್ಟರು. ಇವತ್ತಿಗೆ ಸಾಕು, ಹೋಗಿ ಎಂದು ಮಕ್ಕಳಿಗೆ ಹೇಳಿದೆ. ಅವರಿಗೆ ಖುಷಿಯೋ ಖುಷಿ, ಬ್ಯಾಗು ಎತ್ತಿಕೊಂಡು ದುಡುದುಡು ಓಡಿದರು. ಪಾಪ, ಅವರಿಗೇನು ಗೊತ್ತು. ಖಾಲಿ ಕ್ಲಾಸಿನಲ್ಲಿ ಕೂತು ಅತ್ತೆ, ಆಮೇಲೆ ಮುಖ ತೊಳೆದುಕೊಂಡು ಸಾರ್ ಮನೆಗೆ ಹೊರಟೆ.

ಹಿಂದೂಪುರದಲ್ಲಿ ನಾನು ಡಿಗ್ರಿ ಓದುವಾಗ ಕೊನೆಯ ವರ್ಷ ನಮಗೆ ಡೇಟಾಬೇಸ್ ಹೇಳಿಕೊಟ್ಟವರು ಅವರು. ಉದ್ದಕ್ಕೆ ಒಣಕಲು ಆಳು. ಎಂಥ ಬಿಸಿಲಿದ್ದರೂ ಷರ್ಟಿನ ತೋಳಿನ ಗುಂಡಿ ಬಿಚ್ಚುತ್ತಿರಲಿಲ್ಲ. ಹಣೆಯ ಮೇಲೆ ಬೆಳಗ್ಗೆ ಹಚ್ಚಿದ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಕರಗಿ ಹುಬ್ಬಿನವರೆಗೂ ಬಂದಿರುತ್ತಿತ್ತು. ಬೋರ್ಡಿನ ಮೇಲೆ ಇಂಗ್ಲಿಷು, ಬಾಯಲ್ಲಿ ತೆಲುಗು, ಕನ್ನಡದ ಮನೆಯ ಮಕ್ಕಳು ಕಣ್ಣಿಗೆ ಬಿದ್ದರೆ ನಡುವೆ ಕನ್ನಡ. "ಅರ್ಥಮಯ್ಯಿಂದಾ? ಅರ್ಥ ಆಯ್ತಾ?" ಎಂದು ಎರಡು ಭಾಷೆಯಲ್ಲೂ ಕೇಳುತ್ತಿದ್ದರು. ಎರಡು ಭಾಷೆಯಲ್ಲೂ ನಾವು ಆಯಿತು ಎಂದು ಸುಳ್ಳು ಹೇಳುತ್ತಿದ್ದೆವು.

ಅವರ ಬಗ್ಗೆ ಮೊದಲು ಹೇಳಬೇಕಾದದ್ದು ಇದು: ಇಲ್ಲ ಅನ್ನುವುದಕ್ಕೆ ಆ ಮನುಷ್ಯನಿಗೆ ಬಾಯಿಯೇ ಬರುತ್ತಿರಲಿಲ್ಲ. ರಜೆಯ ದಿನ ಡ್ಯೂಟಿ ಹಾಕಿದರೂ "ಆಗಲಿ ಸಾರ್". ಬೇರೆ ಮೇಷ್ಟರ ಪರೀಕ್ಷೆಯ ಪೇಪರು ತಂದು ಇವರ ಟೇಬಲ್ಲಿನ ಮೇಲೆ ಸುರಿದರೂ "ಆಗಲಿ, ಇಟ್ಟು ಹೋಗಿ". ಕ್ಯಾಂಟೀನಿನಲ್ಲಿ ಇಡ್ಲಿ ಕೇಳಿದರೆ ಮಂಡಕ್ಕಿಯ ಉಗ್ಗಾಣಿ ತಂದಿಡುವರು, ಸಾರ್ ಅದನ್ನೇ ತಲೆ ತಗ್ಗಿಸಿ ತಿನ್ನುವರು. ಒಮ್ಮೆ ನಾನು ಪಕ್ಕದ ಬೆಂಚಿನಿಂದ, "ಸಾರ್, ನೀವು ಕೇಳಿದ್ದು ಇಡ್ಲಿ ಅಲ್ವಾ?" ಅಂದೆ. "ಪರವಾಗಿಲ್ಲ ತಾಯಿ, ಅವರೂ ಕಷ್ಟಪಟ್ಟು ಮಾಡಿರ್ತಾರೆ" ಅಂದರು. ಅಯ್ಯೋ, ಇಡ್ಲಿಯನ್ನೇನು ಕಷ್ಟಪಡದೆ ಮಾಡುತ್ತಾರೆಯೇ? "ಸಾರಿಗೆ ಕತ್ತು ಉದ್ದಕ್ಕೆ ಆಡ್ತದೆ, ಅಡ್ಡಕ್ಕೆ ಆಡಲ್ಲ ಕಣೇ" ಎಂದು ನಾವು ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದೆವು.

ಅಂಥ ಮನುಷ್ಯ ಒಂದೇ ಒಂದು ವಿಷಯದಲ್ಲಿ ಭಾರಿ ಹಟಮಾರಿ. ಟೆಕ್ಸ್ಟ್ ಬುಕ್ ಕೊಳ್ಳುವ ವಿಷಯದಲ್ಲಿ.

ಹುಡುಗರಿಗೆ ಅವರು ಲೈಬ್ರರಿಯ ಪ್ರತಿ ಕೊಡುತ್ತಿದ್ದರು. ಹುಡುಗಿಯರಿಗೆ ಮಾತ್ರ ಕೊಡುತ್ತಿರಲಿಲ್ಲ. ಕೊನೆಯ ವರ್ಷದ ಮೊದಲ ವಾರವೇ ಒಬ್ಬೊಬ್ಬಳನ್ನೇ ಕರೆದು, "ನಿಮ್ಮ ಮನೇಲಿ ಯಾರ ಮಾತು ನಡೆಯತ್ತೆ ತಾಯಿ?" ಎಂದು ಕೇಳುವರು. ಅಪ್ಪನೋ, ಚಿಕ್ಕಪ್ಪನೋ, ಅಣ್ಣನೋ ಯಾರ ಹೆಸರು ಹೇಳಿದರೆ ಅವರನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಪುಸ್ತಕದಂಗಡಿಗೆ ಬರಬೇಕು. ಮನೆಯ ಹಿರಿಯರೇ ಕೈಯಾರೆ ಆರಿಸಬೇಕು, ಮನೆಯ ದುಡ್ಡಿನಲ್ಲೇ ಕೊಳ್ಳಬೇಕು, ಬಿಲ್ಲು ಅವರ ಹೆಸರಿನಲ್ಲೇ ಆಗಬೇಕು. ಹೊಸದು ಬೇಡವೆಂದರೆ ಯಾರೋ ಓದಿ ಬಿಟ್ಟ ಹಳೆಯ ಪ್ರತಿಯಾದರೂ ಸರಿಯೇ. ಆದರೆ ಬಿಟ್ಟಿ ಮಾತ್ರ ಕೂಡದು. ಇದೆಂಥ ನ್ಯಾಯ ಎಂದು ನಮಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಪರೀಕ್ಷೆಗೆ ನಮಗೆ ಬೇಕಾಗಿದ್ದದ್ದು ಗೈಡು. ಪ್ರಶ್ನೆ, ಅದರ ಕೆಳಗೆ ಉತ್ತರ, ಸುಲಿದ ಬಾಳೆಹಣ್ಣು. ಅದನ್ನು ಓದಿದವರೆಲ್ಲ ಪಾಸಾಗುತ್ತಲೇ ಇದ್ದರು. ಸಾರ್ ಗೈಡನ್ನು ಬೈದದ್ದು ನಾನು ಕೇಳಿಲ್ಲ. "ಪಾಸಾಗೋಕೆ ಅದು ಸಾಕು" ಎಂದು ಒಪ್ಪಿಕೊಳ್ಳುತ್ತಿದ್ದರು. "ಆದ್ರೆ ಅದನ್ನ ಮನೇಲಿ ಎಲ್ಲಿಡ್ತೀಯ? ದಿಂಬಿನ ಕೆಳಗೆ. ಯಾರಿಗೂ ಕಾಣಲ್ಲ." ಕಂಡರೆಷ್ಟು, ಬಿಟ್ಟರೆಷ್ಟು ಎಂದು ನಾನು ಮನಸ್ಸಿನಲ್ಲೇ ಮೂಗು ಮುರಿದೆ.

ನಮ್ಮೂರು ಹಿಂದೂಪುರದ ಹತ್ತಿರದ ಪರಿಗಿ. ಅಜ್ಜ ಅಜ್ಜಿ ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದವರು. ನಾನು ಕಣ್ಣು ಬಿಡುವ ಹೊತ್ತಿಗೆ ಮನೆಯಲ್ಲಿ ಮಗ್ಗ ಹೋಗಿ ಸೀರೆ ವ್ಯಾಪಾರ ಉಳಿದಿತ್ತು. ವ್ಯಾಪಾರ ಅಪ್ಪನದು, ಮಾತು ಅಜ್ಜಿಯದು. ಹಾಗಾಗಿ ಅಂಗಡಿಗೆ ಬಂದದ್ದು ಅಜ್ಜಿ. ಒಳ್ಳೆಯ ಸೀರೆ ಉಟ್ಟು, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಮದುವೆಗೆ ಹೊರಟವರ ಹಾಗೆ ಬಂದಿದ್ದಳು.

"ಏನ್ ಮೇಷ್ಟ್ರೇ, ಪುಸ್ಕ ತಗಳಕ್ಕೆ ನಾನ್ಯಾಕೆ? ನಂಗೇನು ಓದಕ್ಕೆ ಬತ್ತದಾ?" ಎಂದಳು.

"ನೀವೇ ಬರಬೇಕಮ್ಮ. ಕೂತ್ಕೊಳ್ಳಿ" ಎಂದು ಸಾರ್ ಸ್ಟೂಲು ಎಳೆದು ಕೊಟ್ಟರು.

ಅಂಗಡಿಯ ಯಜಮಾನರು ಡೇಟಾಬೇಸಿನ ಪುಸ್ತಕಗಳನ್ನು ತಂದು ಮುಂದೆ ಹರಡಿದರು. ಸಾರ್ ಒಂದೊಂದನ್ನೂ ಹಿಂದಿನಿಂದ ತೆರೆದರು. ಅದು ಅವರ ಅಭ್ಯಾಸ. ಕೊನೆಯಲ್ಲಿರುವ ಪದಗಳ ಪಟ್ಟಿಯಲ್ಲಿ, ಡೇಟಾಬೇಸಿನ ಒಂದೊಂದು ಸಾಲಿಗೂ ಗುರುತಾದ 'ಕೀ' ಅನ್ನುವ ಪದ ಹುಡುಕಿ, ಅದರ ಮುಂದೆ ಎಷ್ಟು ಪುಟಗಳ ನಂಬರು ಇದೆ ಎಂದು ನೋಡುತ್ತಿದ್ದರು. "ಕೀ ಬಗ್ಗೆ ಒಂದೇ ಪುಟದಲ್ಲಿ ಹೇಳಿ ಮುಗಿಸಿದೋನು ಕೆಲಸಗಳ್ಳ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಪಾಠದ ಕೊನೆಯ ಲೆಕ್ಕಗಳನ್ನು ನೋಡುವರು. ಉತ್ತರ ಅಲ್ಲೇ ಕೊಟ್ಟಿದ್ದರೆ ಮುಚ್ಚಿಡುವರು. ನಾನೂ ಇವತ್ತಿಗೂ ಪುಸ್ತಕ ಆರಿಸುವುದು ಹಾಗೆಯೇ.

ಅಜ್ಜಿಯ ಪರೀಕ್ಷೆ ಬೇರೆ. ಒಂದು ಹಾಳೆಯನ್ನು ಸೀರೆಯ ಬಟ್ಟೆ ನೋಡುವ ಹಾಗೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದಳು. "ಇದು ಬರೀ ಗಂಜಿ ಕಣಪ್ಪ. ನೀರಿಗೆ ಹಾಕಿದ್ರೆ ಇಳ್ದು ಹೋಯ್ತದೆ" ಎಂದು ಮಿರಿಮಿರಿ ಮಿಂಚುವ ಪುಸ್ತಕವೊಂದನ್ನು ಆಚೆ ತಳ್ಳಿದಳು. ಪುಸ್ತಕವನ್ನು ಯಾರೂ ಒಗೆಯುವುದಿಲ್ಲ ಅಜ್ಜಿ ಎಂದು ನಾನು ಅಂದರೆ, "ನೀನು ಸುಮ್ಕಿರು" ಎಂದು ಗದರಿದಳು. ಯಜಮಾನರು ನಗು ತಡೆಯಲಾರದೆ ಅತ್ತ ತಿರುಗಿಕೊಂಡರು. ತೆಳ್ಳಗಿನದರ ಬೆಲೆ ಕೇಳಿದಳು, ದಪ್ಪನೆಯದರ ಬೆಲೆ ಕೇಳಿದಳು. "ತೆಳ್ಳಂದಕ್ಕೂ ಅಷ್ಟೇ, ಇಷ್ಟು ದಪ್ಪಂದಕ್ಕೂ ಹೆಚ್ಚುಕಮ್ಮಿ ಅಷ್ಟೇ ಅಂದ್ರೆ ಯಾರು ಬಿಡ್ತಾರೆ? ದಪ್ಪಂದೇ ಕೊಡು." ಸಾರ್ ಮನಸ್ಸಿನಲ್ಲಿದ್ದದ್ದೂ ಅದೇ ಪುಸ್ತಕ. ಅವರ ಮುಖ ಅರಳಿದ್ದು ನೋಡಿದೆ.

ಅಜ್ಜಿ ಪುಸ್ತಕವನ್ನು ಎರಡು ಕೈಯಲ್ಲಿ ಎತ್ತಿ ತೂಕ ನೋಡುತ್ತ ಕೇಳಿದಳು, "ಇದನ್ನ ಓದಿ ಮುಗ್ಸಕ್ಕೆ ಯಾವಾಗ್ಗಂಟ ಬೇಕು ಮೇಷ್ಟ್ರೇ?"

"ಬೇಸಿಗೆ ಪರೀಕ್ಷೆವರೆಗೂ ಬೇಕಮ್ಮ."

"ಹಂಗಾದ್ರೆ ಅಲ್ಲೀಗಂಟ ಓದ್ಲಿ ಬಿಡು."

"ಏನಂದ್ರಿ ಅಮ್ಮ?" ಸಾರ್ ಕಿವಿಗೆ ಕೈ ಕೊಟ್ಟು ಮುಂದೆ ಬಾಗಿದರು.

"ಓದ್ಲಿ ಅಂದೆ ಕಣಪ್ಪ! ನಮ್ಮ ಹುಡ್ಗಿ ಬೇಸ್ಗೆ ಪರೀಕ್ಷೆಗಂಟ ಓದ್ಲಿ ಅಂದೆ! ಕಿವಿ ಕೇಳ್ಸಲ್ವಾ ನಿಂಗೆ?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಾರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಆ ಮಾತನ್ನು ಜನರ ಎದುರಿಗೆ, ಗಟ್ಟಿಯಾಗಿ, ಅಜ್ಜಿಯ ಬಾಯಿಂದಲೇ ಹೊರಡಿಸುವುದೇ ಅವರ ಉಪಾಯ. "ಅಷ್ಟು ಸಾಕಮ್ಮ" ಎಂದು ಕೈಮುಗಿದರು. ಬಸ್ಸಿನಲ್ಲಿ ಅಜ್ಜಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ "ನಮ್ಮ ಹುಡ್ಗೀದು, ಇಂಗ್ಲೀಸು" ಎಂದು ಹೇಳುತ್ತ ಬಂದಳು. ಮನೆಯಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನ ಪಕ್ಕ ಇಟ್ಟಳು. ದಿನಾ ಬೆಳಗ್ಗೆ ನಾನು ಅಲ್ಲಿಂದ ತೆಗೆದು ಓದಿ ಮತ್ತೆ ಅಲ್ಲಿಯೇ ಇಡಬೇಕು.

ಒಂದು ದಿನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಕೇಳಿಯೇ ಬಿಟ್ಟೆ. "ಹುಡುಗರಿಗೆ ಲೈಬ್ರರಿ, ನಮಗೆ ಅಂಗಡಿ. ನಾವೇನು ಪಾಪ ಮಾಡಿದೀವಿ ಸಾರ್?"

ಕನ್ನಡಕ ತೆಗೆದು ಷರ್ಟಿನ ತುದಿಯಲ್ಲಿ ಒರೆಸಿಕೊಂಡರು. ಆಮೇಲೆ ಅವರ ತಂಗಿಯ ಮಾತು ಹೇಳಿದರು. ಇವರು ಅನಂತಪುರದ ಹಾಸ್ಟೆಲಿನಲ್ಲಿ ಓದುವಾಗ ತಂಗಿ ಊರಿನಲ್ಲಿ ಇವರು ಓದಿ ಬಿಟ್ಟ ಪುಸ್ತಕಗಳನ್ನೇ ಓದುತ್ತಿದ್ದಳಂತೆ. ಇವರಿಗಿಂತ ಚುರುಕು. ಡಿಗ್ರಿಯ ನಡುವೆಯೇ ಬಿಡಿಸಿ ಕಲ್ಯಾಣದುರ್ಗಕ್ಕೆ ಕೊಟ್ಟು ಮದುವೆ ಮಾಡಿದರು. "ಅವಳದು ಅಂತ ಮನೇಲಿ ಒಂದು ಪುಸ್ತಕನೂ ಕೊಂಡಿರಲಿಲ್ಲ ತಾಯಿ. ಬಿಡಿಸುವಾಗ ಯಾರಿಗೂ ಏನೂ ಕಳ್ಕೊಂಡಂಗೆ ಅನ್ನಿಸಲಿಲ್ಲ. ದುಡ್ಡು ಕೊಟ್ಟು ತಂದ ಒಂದು ಪುಸ್ತಕ ಕಣ್ಣ ಮುಂದೆ ಇದ್ದಿದ್ರೆ, ಅದರ ಮುಖ ನೋಡಿಯಾದ್ರೂ ಒಂದು ವರ್ಷ ತಡೀತಿದ್ರು."

ಅವತ್ತಿನಿಂದ ನಾನು ಮೂಗು ಮುರಿಯುವುದನ್ನು ಬಿಟ್ಟೆ.

ಡೇಟಾಬೇಸಿನಲ್ಲಿ ಒಂದು ಪಾಠವಿದೆ. ಒಂದು ಟೇಬಲ್ಲಿನ, ಅಂದರೆ ಮಾಹಿತಿಯ ಪಟ್ಟಿಯ, ಸಾಲನ್ನು ಇನ್ನೊಂದು ಟೇಬಲ್ಲು ನೆಚ್ಚಿಕೊಂಡಿದ್ದರೆ, ಆ ಸಾಲನ್ನು ಸುಮ್ಮನೆ ಅಳಿಸಲು ಹೋದಾಗ ಕಂಪ್ಯೂಟರು ಬಿಡುವುದಿಲ್ಲ, ಆಗುವುದಿಲ್ಲ ಎಂದು ಪರದೆಯ ಮೇಲೆ ಬರೆದು ತೋರಿಸುತ್ತದೆ. ಈ ಪಾಠವನ್ನು ಸಾರ್ ಬೇಕೆಂದೇ ನಿಧಾನವಾಗಿ ಮಾಡುತ್ತಿದ್ದರು. ನಮ್ಮ ಕೈಯಲ್ಲೇ ಅಳಿಸಲು ಹೇಳಿ, ಪರದೆಯ ಮೇಲೆ ಆ ಮಾತು ಬಂದ ಕೂಡಲೇ, "ನೋಡಿ, ಮಷೀನು ಹೆಂಗೆ ಹೇಳಿಬಿಡ್ತು" ಅನ್ನುವರು. ಅಷ್ಟು ಸಲೀಸಾಗಿ ಆಗುವುದಿಲ್ಲ ಅನ್ನಬಲ್ಲ ಮಷೀನಿನ ಮೇಲೆ ಅವರಿಗೆ ಒಂದು ಬಗೆಯ ಹೊಟ್ಟೆಕಿಚ್ಚು ಇದ್ದ ಹಾಗೆ ನನಗೆ ಕಾಣುತ್ತಿತ್ತು.

ಸಂಕ್ರಾಂತಿ ಮುಗಿಯುತ್ತಿದ್ದಂತೆ ನನಗೆ ಕೊಡಿಕೊಂಡದಿಂದ ಸಂಬಂಧ ಬಂತು. ಚೆಕ್‌ಪೋಸ್ಟಿನ ಹತ್ತಿರ ಹುಡುಗನ ಮನೆಯವರದು ಊಟದ ಹೋಟೆಲು, ಎರಡು ಲಾರಿ. ಪರೀಕ್ಷೆಗೆ ಮುಂಚೆಯೇ ಮದುವೆ ಆಗಬೇಕು ಎಂದು ಪಟ್ಟು. ಅಮ್ಮ ಅಡುಗೆ ಮನೆಯಲ್ಲಿ ಕಣ್ಣೊರೆಸಿಕೊಂಡಳು, ಅಪ್ಪ ಎಂದಿನಂತೆ ಅಜ್ಜಿಯ ಮುಖ ನೋಡಿದ. ನಾನು ಓಡಿ ಹೋಗಿ ದೇವರ ಗೂಡಿನ ಪಕ್ಕದ ಪುಸ್ತಕ ತಂದು ಅಜ್ಜಿಯ ಮುಂದೆ ಹಿಡಿದೆ. "ನೀನೇ ತಗೊಂಡಿದ್ದಲ್ವಾ ಅಜ್ಜಿ? ಪರೀಕ್ಷೆಗಂಟ ಓದ್ಲಿ ಅಂದಿದ್ದಲ್ವಾ?"

ಅಜ್ಜಿ ಒಂದು ಗಳಿಗೆ ಯೋಚಿಸಿದಳು. "ಅದಕ್ಕೇನೀಗ? ಪುಸ್ಕನೂ ತಗಂಡ್ ಹೋಗು. ಅಲ್ಲೇ ಕೂತ್ಕಂಡು ಓದ್ಕ" ಅಂದಳು. ನನ್ನ ಕೈಯಿಂದ ತೆಗೆದುಕೊಂಡು, ಮದುವೆಗೆಂದು ತೆಗೆದಿರಿಸಿದ ಸೀರೆಗಳ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿದಳು. ಪುಸ್ತಕವನ್ನು ಗಂಡನ ಮನೆಗೂ ಹೊತ್ತುಕೊಂಡು ಹೋಗಬಹುದು ಅನ್ನುವುದು ಸಾರ್ ಲೆಕ್ಕದಲ್ಲಿ ಇರಲೇ ಇಲ್ಲ.

ಮರುದಿನದಿಂದ ನನ್ನನ್ನು ಕಾಲೇಜಿಗೆ ಕಳಿಸಲಿಲ್ಲ. ಗೆಳತಿಯೊಬ್ಬಳು ಸಾರಿಗೆ ಹೋಗಿ ಹೇಳಿದಳು.

ಭಾನುವಾರ ಬೆಳಗ್ಗೆ ಸಾರ್ ಬಂದರು. ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಂದು ಜಗುಲಿಯ ಕೆಳಗೆ ನಿಂತರು. ಅಜ್ಜಿ ಎದ್ದು, "ಬನ್ನಿ ಮೇಷ್ಟ್ರೇ, ಮೇಲ್ಬನ್ನಿ, ಮಜ್ಜಿಗೆ ಕುಡೀರಿ" ಎಂದು ಉಪಚಾರ ಮಾಡಿದಳು. ಯಾರು ಏನು ಕೊಟ್ಟರೂ ತೆಗೆದುಕೊಳ್ಳುವ ಮನುಷ್ಯ ಮಜ್ಜಿಗೆಯ ಲೋಟ ಮುಟ್ಟಲಿಲ್ಲ, ಮೇಲೂ ಹತ್ತಲಿಲ್ಲ. ನಾನು ಕಿಟಕಿಯ ಹಿಂದೆ ನಿಂತಿದ್ದೆ.

"ಈ ಮದುವೆ ಈಗ ಬೇಡಮ್ಮ" ಅಂದರು.

"ಏನಂದೆ?" ಈಗ ಕಿವಿ ಕೇಳಿಸದ ಹಾಗೆ ಮಾಡಿದ್ದು ಅಜ್ಜಿ.

"ಬೇಡ ಅಂದೆ. ಪರೀಕ್ಷೆ ಮುಗೀಲಿ. ಆಮೇಲೆ ಏನಾದ್ರೂ ಮಾಡಿ. ಈಗ ಬೇಡ."

"ಅಲ್ಲಪ್ಪ, ಬ್ಯಾಡ ಅನ್ನಕ್ಕೆ ನೀನ್ಯಾರು?" ಅಜ್ಜಿಗೆ ಸಿಟ್ಟು ನೆತ್ತಿಗೇರಿತು. "ಹೆತ್ತೋರು ನಾವು, ಸಾಕಿದೋರು ನಾವು. ಪಾಠ ಹೇಳಕ್ಕೆ ನೀನಿರದು, ಮನೆ ಯವಾರಕ್ಕೆ ನೀನ್ಯಾರು?"

"ಯಾರೂ ಅಲ್ಲಮ್ಮ. ನಾನು ಯಾರೂ ಅಲ್ಲ. ಆದ್ರೂ ಬೇಡ."

ಪಕ್ಕದ ಮನೆಯವರು ಆಚೆ ಬಂದು ನಿಂತರು. ಅಜ್ಜಿ ಬೈದಳು, ಅಬ್ಬಬ್ಬಾ, ತೆಲುಗಿನಲ್ಲೂ ಬೈದಳು, ಕನ್ನಡದಲ್ಲೂ ಬೈದಳು. ಸಾರ್ ಒಂದಕ್ಕೂ ಎದುರಾಡಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಬೈದು ಬೈದು ಅವಳಿಗೇ ಸುಸ್ತಾಗಿ ಕೂತಾಗ, "ಬೇಡಮ್ಮ" ಎಂದು ಮತ್ತೆ ಅಂದರು. ಅಜ್ಜಿ ಅವರನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಪರೀಕ್ಷೆ ಆಗೋಗಂಟ ತಡೀತಾರಾ ಕೇಳು ಅವ್ರನ್ನ" ಅಂದಳು. ಕೊಡಿಕೊಂಡದವರು ತಡೆಯಲಿಲ್ಲ, ಬೇರೆ ಕಡೆ ಹೆಣ್ಣು ನೋಡಿಕೊಂಡರು. ಅಜ್ಜಿ ಬಹಳ ದಿನ ಸಾರನ್ನು ಶಪಿಸಿದಳು. ಆದರೆ ಪೆಟ್ಟಿಗೆಯಿಂದ ಪುಸ್ತಕ ತೆಗೆದು ಕೊಟ್ಟವಳೂ ಅವಳೇ. ನಾನು ಪರೀಕ್ಷೆ ಬರೆದೆ, ಮುಂದೆ ಅನಂತಪುರಕ್ಕೆ ಹೋಗಿ ಓದಿದೆ. ಇವತ್ತು ನನ್ನ ಅನ್ನ ನಾನು ದುಡಿದು ತಿನ್ನುತ್ತಿದ್ದರೆ ಆ ಭಾನುವಾರದ ದೆಸೆಯಿಂದ.

ಆ ಭಾನುವಾರದ ಮರುದಿನ ಕಾಲೇಜಿನಲ್ಲಿ ನಾನು ಕಣ್ಣೀರು ಹಾಕಿಕೊಂಡು ಅವರ ಮುಂದೆ ನಿಂತರೆ, ಸಾರ್ ಏನೂ ಆಗಿಯೇ ಇಲ್ಲದವರ ಹಾಗೆ, "ನಿಂತುಹೋದ ಪಾಠ ಯಾವ್ದು ತಾಯಿ? ಪುಸ್ತಕ ತೆಗಿ" ಅಂದರು.

ನಾನು ಆ ಕಾಲೇಜು ಬಿಟ್ಟು ಹೋದ ಮೇಲೆ ಅವರಿಗೆ ಕೆಟ್ಟ ಕಾಲ ಬಂತು. ಸಾರ್ ಹುಡುಗಿಯರ ಮನೆಯವರನ್ನು ಬಲವಂತ ಮಾಡಿ ಅಂಗಡಿಗೆ ಕರೆಸುತ್ತಾರೆ, ಅಂಗಡಿಯಿಂದ ಕಮಿಷನ್ ತಿನ್ನುತ್ತಾರೆ ಎಂದು ಯಾರೋ ಆಡಳಿತ ಮಂಡಳಿಗೆ ದೂರು ಕೊಟ್ಟರು. ಕರೆಸಿ ಕೇಳಿದರಂತೆ. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಒಂದು ಮಾತು! ಸಾರ್ ತಲೆ ತಗ್ಗಿಸಿಕೊಂಡು ನಿಂತರಂತೆ. ಅದನ್ನೇ ಅವರು ತಪ್ಪೊಪ್ಪಿಗೆ ಅಂದುಕೊಂಡರು. ಅಂಗಡಿಯ ಯಜಮಾನರೇ ಬಂದು ವಿಭೂತಿ ಮುಟ್ಟಿ ಆಣೆ ಮಾಡಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನು ಮೇಲೆ ಎಲ್ಲರಿಗೂ ಕಾಲೇಜೇ ಉಚಿತವಾಗಿ ಪುಸ್ತಕ ಕೊಡುತ್ತದೆ, ವರ್ಷದ ಕೊನೆಗೆ ವಾಪಸ್ ಕೊಟ್ಟರಾಯಿತು ಎಂದು ನಿಯಮ ಮಾಡಿದರು. ಎಲ್ಲರೂ ಹೊಗಳಿದರು. ಹೊಗಳಬೇಕಾದದ್ದೇ. ಆದರೆ ನನಗೆ ಸುದ್ದಿ ಕೇಳಿ ಸಿಟ್ಟು ಬಂತು. ಉಚಿತ ಪುಸ್ತಕ ಕೊಟ್ಟದ್ದಕ್ಕಲ್ಲ, ಸಾರಿಗೆ ಕಳ್ಳನ ಪಟ್ಟ ಕಟ್ಟಿದ್ದಕ್ಕೆ.

ರಜೆಯಲ್ಲಿ ಹಿಂದೂಪುರಕ್ಕೆ ಹೋದಾಗ ಅವರನ್ನು ಕಂಡೆ. ಸಂಕ್ರಾಂತಿ ಕಳೆದ ಮೇಲೆ ಹಾಜರಿ ಕರೆಯುವುದೇ ಕಷ್ಟ ತಾಯಿ ಅಂದರು. ಒಂದು ಹೆಸರು ಕರೆದರೆ ಉತ್ತರವಿಲ್ಲ, ಯಾರೋ ಹಿಂದಿನಿಂದ "ಪೆಳ್ಳಿ ಅಯಿಪೋಯಿಂದಿ ಸಾರ್" ಅನ್ನುತ್ತಾರೆ, ಮದುವೆ ಆಗಿಹೋಯಿತು ಎಂದು. "ಅಣ್ಣನೋ ತಮ್ಮನೋ ಬಂದು ಪುಸ್ತಕ ವಾಪಸ್ ಕೊಟ್ಟು ಹೋಗ್ತಾರೆ. ಒಂದು ಹಾಳೆ ಮಡಚಿರಲ್ಲ. ಎಷ್ಟು ಜೋಪಾನ ನೋಡು." ಅವರು ಹಾಗೆ ನಗುತ್ತ ಹೇಳಿದ್ದನ್ನು ನೋಡಲಾಗಲಿಲ್ಲ.

"ಅವರ ಮನೆಗಳಿಗೂ ಹೋಗಬಹುದಿತ್ತಲ್ಲ ಸಾರ್, ನಮ್ಮನೆಗೆ ಬಂದಂಗೆ?" ಅಂದೆ.

"ಕಮಿಷನ್ ಮೇಷ್ಟ್ರು ಬಂದ ಅಂತಾರಮ್ಮ ಈಗ. ಯಾರು ಕೇಳ್ತಾರೆ?" ಅಂದರು.

ಸಾರ್ ಮದುವೆಯಾಗಲಿಲ್ಲ. ನಿವೃತ್ತರಾದ ಮೇಲೆ ಕಲ್ಯಾಣದುರ್ಗಕ್ಕೆ, ಗಂಡನನ್ನು ಕಳೆದುಕೊಂಡಿದ್ದ ತಂಗಿಯ ಮನೆಗೆ ಬಂದರು. ನನಗೂ ಅಲ್ಲಿಯೇ ಕೆಲಸ ಸಿಕ್ಕಿತು. ಕುಂದುರ್ಪಿಗೆ ಹೋಗುವ ರಸ್ತೆಯಲ್ಲಿ ಅವರ ಮನೆ, ಮುಂದೆ ಒಂದು ಬೇವಿನ ಮರ. ಬಿಡುವಿದ್ದಾಗಲೆಲ್ಲ ಹೋಗುತ್ತಿದ್ದೆ. "ಈ ವರ್ಷ ಯಾವ ಪುಸ್ತಕ ಇಟ್ಟಿದಾರೆ?" ಅನ್ನುವುದೇ ಅವರ ಮೊದಲ ಪ್ರಶ್ನೆ. ಈಗ ಯಾರೂ ಪುಸ್ತಕ ಕೊಳ್ಳುವುದಿಲ್ಲ ಸಾರ್, ಪಿಡಿಎಫ್ ಫೋನಿಗೆ ಬರುತ್ತದೆ ಎಂದು ತೋರಿಸಿದೆ. ಬೆರಳಿನಿಂದ ಸರಿಸಿ ಸರಿಸಿ ಕೊನೆಯ ಪುಟಕ್ಕೆ ಹೋಗಿ 'ಕೀ' ಹುಡುಕಿದರು. "ಪುಸ್ತಕ ಒಳ್ಳೇದೇ. ಆದ್ರೆ ಇದು ಮನೆಯವರ ಕಣ್ಣಿಗೆ ಬೀಳಲ್ವಲ್ಲಮ್ಮ" ಎಂದು ಫೋನು ವಾಪಸ್ ಕೊಟ್ಟರು. ತಂಗಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರು ಒಳಗೆ ಹೋದ ಮೇಲೆ ಸಾರ್ ದನಿ ತಗ್ಗಿಸಿ, "ಇವಳಿಗೆ ಒಂದೇ ಒಂದು ಪುಸ್ತಕ ಕೊಡಿಸಿದ್ದಿದ್ರೆ" ಅನ್ನುತ್ತಿದ್ದರು. ಪ್ರತಿ ಸಲವೂ ಅನ್ನುತ್ತಿದ್ದರು. ಕೊನೆಕೊನೆಗೆ ಉಸಿರಾಟದ ತೊಂದರೆ ಹೆಚ್ಚಾಗಿ ಮಾತಾಡಲು ಕಷ್ಟವಾದಾಗಲೂ ಆ ಮಾತು ಮಾತ್ರ ಬಿಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕೆಲವು ದಿನ ಆ ಮನೆಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಹೋದ ವಾರ ಹೋದೆ. ತಂಗಿ ಒಬ್ಬರೇ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಸುಲಿದೆ. ಮಾತು ಸಾರ್ ಕಡೆಗೇ ಬಂತು. ನಿಮಗೊಂದು ಪುಸ್ತಕ ಕೊಡಿಸಲಿಲ್ಲ ಅನ್ನುವ ಕೊರಗಿನಲ್ಲೇ ಸಾರ್ ಹೋದರಮ್ಮ ಅಂದೆ.

"ಗೊತ್ತು. ನಂಗೂ ಅದೇ ಹೇಳೋನು. ನಾನೂ ಹೂಂ ಅಂತಿದ್ದೆ" ಎಂದರು. ಇನ್ನೊಂದು ಹಿಡಿ ಕಡಲೆಕಾಯಿ ಎತ್ತಿಕೊಂಡರು. "ಪುಸ್ತಕ ಇದ್ದಿದ್ರೂ ಏನೂ ಆಗ್ತಿರಲಿಲ್ಲ ಕಣಮ್ಮ. ಮದುವೆ ಮಾತಾಡೋ ದಿನ ಅಣ್ಣ ಹಾಸ್ಟೆಲಿಂದ ಬಂದಿದ್ದ. ನಡುಮನೇಲಿ ಎಲ್ರೂ 'ಸರೇ, ಸರೇ' ಅಂತ ಒಪ್ಕಂಡು ಕೂತಿದ್ರು. ನಮ್ಮಪ್ಪಂಗೆ ಅಷ್ಟು ಮನಸ್ಸಿರಲಿಲ್ಲ. ಅಣ್ಣನ್ನ ಕೇಳ್ದ, 'ನೀನು ಓದಿದೋನು, ನೀನೇನಂತೀಯಪ್ಪ' ಅಂತ. ನಾನು ಬಾಗ್ಲ ಹಿಂದೆ ನಿಂತಿದ್ದೆ. 'ಆಗ್ಲಿ' ಅಂದ್ಬುಟ್ಟ. ಮದುವೇಲಿ ಅವ್ನೇ ಓಡಾಡ್ಕಂಡು ಎಲ್ರಿಗೂ ಬಡಿಸ್ದ."

ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಕೇಳಿದೆ, "ಇದನ್ನ ಸಾರ್ ಹತ್ರ ಯಾವತ್ತಾದ್ರೂ ಕೇಳಿದ್ರಾ?"

"ಹೆಂಗ್ ಕೇಳ್ಲಮ್ಮ? ಅವ್ನಿಗೆ ಆ ದಿನ ನೆಪ್ಪೇ ಇರಲಿಲ್ವೋ, ನೆಪ್ಪಿದ್ರೂ ಮುಚ್ಕಂಡಿದ್ನೋ. ಜನ್ಮಪೂರ್ತಿ ಪುಸ್ತಕ ಪುಸ್ತಕ ಅಂತ ಇದ್ದೋನು. ಅದನ್ನೂ ನಾನು ಕಿತ್ಕಳ್ಳದಾ?"

ತಡೆಯಲಾಗಲಿಲ್ಲ, ಹೇಳಿಬಿಟ್ಟೆ. "ನಮ್ಮ ಮನೆಗೆ ಬಂದು ಬೇಡ ಅಂದರಮ್ಮ. ನನ್ನ ಮದುವೆ ಬೇಡ ಅಂತ ನಮ್ಮ ಅಜ್ಜಿ ಎದುರಿಗೆ ಅಂದರು."

"ಯಾರು, ನಮ್ಮಣ್ಣನಾ?" ಅವರು ನಂಬಲಿಲ್ಲ. "ಬಾಯಿಬಿಟ್ಟು ಅಂದ್ನಾ? ಬ್ಯಾಡ ಅಂತ?"

ಎಲ್ಲವನ್ನೂ ಹೇಳಿದೆ. ಜಗುಲಿಯ ಕೆಳಗೆ ನಿಂತದ್ದು, ಮಜ್ಜಿಗೆ ಮುಟ್ಟದೇ ಇದ್ದದ್ದು, ಅಜ್ಜಿ ಬೈದದ್ದು. ನಿಮ್ಮಜ್ಜಿ ಏನಂದ್ಲು, ಅದಕ್ಕೆ ಇವ್ನೇನಂದ ಎಂದು ತಿರುಗಿ ತಿರುಗಿ ಕೇಳಿದರು. ಅಜ್ಜಿಯ ಬೈಗುಳಕ್ಕೆ ಜೋರಾಗಿ ನಕ್ಕರು. ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, "ಒಳ್ಳೇದಾಯ್ತು ಕಣಮ್ಮ. ನೀನಾದ್ರೂ ಉಳ್ಕಂಡೆ" ಎಂದು ನನ್ನ ತಲೆ ಸವರಿದರು. "ತಾಳು, ಕಾಫಿ ಇಡ್ತೀನಿ" ಎಂದು ಎದ್ದು ಒಳಗೆ ಹೋದರು.

ಬಹಳ ಹೊತ್ತಾದರೂ ಬರಲಿಲ್ಲ. ಹಾಲು ಉಕ್ಕಿ ಸೀದ ವಾಸನೆ ಬಂದು ನಾನು ಒಳಗೆ ಓಡಿದೆ. ಅವರು ಒಲೆಯ ಮುಂದೆ ಹಾಗೆಯೇ ನಿಂತಿದ್ದರು. ನಾನು ಗ್ಯಾಸು ಆರಿಸಿದ್ದು ಅವರಿಗೆ ಗೊತ್ತಾಗಲಿಲ್ಲ. ಗೋಡೆಯ ಕಡೆ ನೋಡಿಕೊಂಡು ಮೆಲ್ಲಗೆ ಮಾತಾಡುತ್ತಿದ್ದರು, ನನ್ನ ಜೊತೆಗಲ್ಲ.

"ಬ್ಯಾಡ ಅನ್ನಕ್ಕೆ ಬತ್ತಿತ್ತಲ್ಲಣ್ಣ ನಿಂಗೆ. ನಂಗ್ಯಾಕೆ ಅನ್ಲಿಲ್ಲ?"